ಮನೆ ಖಾಲಿ ಮಾಡಿದ ಬೇಸಿಗೆ

ಹಳೆಯ ಸಾಮಾನಿಗೆ ಬೆಲೆ ಕಟ್ಟುವುದು ಹೇಗೆ ಎಂಬುದಕ್ಕೆ ನಮ್ಮ ಬಿ.ಕಾಂ. ಪಾಠದಲ್ಲಿ ಒಂದು ಇಡೀ ಅಧ್ಯಾಯವೇ ಇತ್ತು. ಅದರ ಹೆಸರು ಸವಕಳಿ. ನೂರು ರೂಪಾಯಿ ಕೊಟ್ಟು ಒಂದು ಕುರ್ಚಿ ಕೊಂಡಿರಿ ಎನ್ನೋಣ. ವರ್ಷಕ್ಕೆ ಹತ್ತು ರೂಪಾಯಿಯಂತೆ ಸವೆಸುತ್ತಾ ಹೋದರೆ ಹತ್ತನೆಯ ವರ್ಷಕ್ಕೆ ಅದರ ಬೆಲೆ ಸೊನ್ನೆ. ಲೆಕ್ಕದ ಪ್ರಕಾರ ಕುರ್ಚಿ ಮುಗಿಯಿತು. ಆದರೆ ಕುರ್ಚಿ ಅಲ್ಲೇ ಇರುತ್ತದೆ, ಅದರ ಮೇಲೆ ಯಾರೋ ಕೂತೂ ಇರುತ್ತಾರೆ. ಅದಕ್ಕೇ ನಾನು ಕೆಲಸ ಮಾಡಿದ ಶಾಖೆಯಲ್ಲಿ ಇಂಥ ಸಾಮಾನುಗಳನ್ನು ಪುಸ್ತಕದಲ್ಲಿ ಒಂದು ರೂಪಾಯಿ ಎಂದು ಬರೆದು ಉಳಿಸಿಕೊಳ್ಳುತ್ತಿದ್ದರು. ಸೊನ್ನೆ ಅಂದರೆ ಇಲ್ಲ ಎಂದಾಗುತ್ತದಲ್ಲ, ಅದಕ್ಕೆ.

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯ ಒಂದು ರೂಪಾಯಿ ಸಾಮಾನುಗಳಿಗೆಲ್ಲ ಒಂದೊಂದು ನೆಲೆ ಹುಡುಕುವ ಕೆಲಸ ನನ್ನ ಪಾಲಿಗೆ ಬಂತು. ಮೈಸೂರಿನ ಕುವೆಂಪುನಗರದಲ್ಲಿ 34 ವರ್ಷ ಬಾಳಿದ ಮನೆಯನ್ನು ಬಿಟ್ಟು ಬೆಂಗಳೂರಿನಲ್ಲಿ ಮಗಳ ಮನೆ ಸೇರುವುದೆಂದು ತೀರ್ಮಾನವಾಗಿತ್ತು. ನನ್ನವಳು ಹೋಗಿ ಎರಡು ವರ್ಷ. ನಾನೊಬ್ಬನೇ ಮಹಡಿ ಮೆಟ್ಟಿಲು ಹತ್ತಿ ಇಳಿಯುವುದನ್ನು ಮಗಳು ಇನ್ನು ಒಪ್ಪಲಾರಳು. ಅವಳ ಮನೆಯಲ್ಲಿ ನನಗೊಂದು ಕೋಣೆ ಇದೆ. ಅದರಲ್ಲಿ ಒಂದು ಮಂಚ, ಒಂದು ಮೇಜು, ಒಂದು ಬೀರು ಹಿಡಿಯುತ್ತದೆ. ಮೈಸೂರಿನ ಮನೆಯಲ್ಲಿದ್ದದ್ದು ಮೂರು ಕೋಣೆ, ಒಂದು ಅಟ್ಟ, ಅಟ್ಟದ ತುಂಬ ಮೂರು ತಲೆಮಾರು.

“ಅಪ್ಪಾ, ಗುಜರಿಯವರನ್ನ ಕರೆಸಿ ಒಂದೇ ದಿನದಲ್ಲಿ ಮುಗಿಸಿಬಿಡಿ” ಎಂದು ಮಗಳು ಫೋನಿನಲ್ಲಿ ಹೇಳಿದಳು. ಗುಜರಿಯವರ ಬಗ್ಗೆ ನನಗೆ ತುಂಬ ಗೌರವವಿದೆ. ಹಳೇ ಪೇಪರು, ತುಕ್ಕು ಹಿಡಿದ ಕಬ್ಬಿಣ, ಒಡೆದ ಬಕೆಟ್ಟು, ಖಾಲಿ ಶೀಸೆ ಇವೆಲ್ಲ ಅವರ ಕೈಗೆ ಹೋದರೇನೇ ಸರಿ. ಬೇರ್ಪಡಿಸಿ, ಕರಗಿಸಿ ಮತ್ತೆ ಏನಾದರೊಂದು ಆಗುತ್ತವೆ. ಆದರೆ ಇನ್ನೂ ತಿರುಗುತ್ತಿರುವ ಮಿಕ್ಸಿಯನ್ನು ಕಬ್ಬಿಣದ ಜೊತೆ ತಕ್ಕಡಿಗೆ ಹಾಕುವುದು ನನ್ನ ಮನಸ್ಸಿಗೆ ಒಗ್ಗಲಿಲ್ಲ.

ಐದನೆಯ ತರಗತಿ ಮುಗಿಸಿದ ಮೊಮ್ಮಗಳು ಪುಟ್ಟಿ ರಜೆಗೆ ಬಂದಿದ್ದಳು. ಅವಳನ್ನೇ ನನ್ನ ಗುಮಾಸ್ತೆಯಾಗಿ ನೇಮಿಸಿಕೊಂಡೆ. ಸಂಬಳ, ದಿನಕ್ಕೊಂದು ಕುಲ್ಫಿ. ಉದ್ದನೆಯ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಮೂರು ಕಾಲಂ ಮಾಡಿದೆವು: ವಸ್ತು, ಸ್ಥಿತಿ, ಯಾರಿಗೆ. ನಾಲ್ಕು ದಿನ ಅಟ್ಟ ಹತ್ತಿ ಇಳಿದು (ಹತ್ತಿದವಳು ಅವಳು, ಏಣಿ ಹಿಡಿದವನು ನಾನು) 217 ವಸ್ತುಗಳ ಪಟ್ಟಿ ಆಯಿತು. ಮೊದಲೆರಡು ಕಾಲಂ ತುಂಬಿದವು. ಮೂರನೆಯದು ಪೂರಾ ಖಾಲಿ. ಅದರಲ್ಲಿ ಪುಟ್ಟಿ ದುಂಡು ಅಕ್ಷರದಲ್ಲಿ ‘ಅಜ್ಜಿ ಕುರ್ಚಿ’ ಎಂದು ಬರೆದಿದ್ದ ಒಂದು ಸಾಲಿತ್ತು. ಅದು ನನ್ನವಳು ಕೊನೆಯ ಹದಿನಾಲ್ಕು ತಿಂಗಳು ಕೂತಿದ್ದ ಗಾಲಿಕುರ್ಚಿ.

ನಮ್ಮ ಚಿಕ್ಕಂದಿನಲ್ಲಿ ಈ ಮೂರನೆಯ ಕಾಲಂ ಬೇಕೇ ಇರಲಿಲ್ಲ. ಅಣ್ಣನ ಚಡ್ಡಿ ನನಗೆ, ನನ್ನದು ತಮ್ಮನಿಗೆ, ಅವನದು ಮನೆ ಒರೆಸುವುದಕ್ಕೆ. ಪಾಠದ ಪುಸ್ತಕ ಏಪ್ರಿಲ್‌ನಲ್ಲೇ ಪಕ್ಕದ ಬೀದಿಯ ಹುಡುಗನಿಗೆ ಅರ್ಧ ಬೆಲೆಗೆ ನಿಕ್ಕಿಯಾಗುತ್ತಿತ್ತು. ಉತ್ತರ ಕರ್ನಾಟಕದ ಕಡೆ ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದು ಕೌದಿ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸು ಬೀದಿಗೆ ಬಂದರೆ ನನ್ನವಳಿಗೂ ಆಕೆಗೂ ಒಂದು ಗಂಟೆ ಚೌಕಾಸಿ ನಡೆಯುತ್ತಿತ್ತು. ನನ್ನ ಎರಡು ಪ್ಯಾಂಟು ಒಂದು ಸಣ್ಣ ಡಬರಿಯಾಗಿ ಒಳಗೆ ಬರುತ್ತಿತ್ತು. ಈಗ ಮನೆಗಳು ಚಿಕ್ಕವು, ಸಾಮಾನು ಜಾಸ್ತಿ, ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂಬುದೇ ಗೊತ್ತಿಲ್ಲ. ಅದಕ್ಕೇ ಹುಡುಕಬೇಕು.

ಹುಡುಕುವ ಮೊದಲು ನಾನೊಂದು ನಿಯಮ ಹಾಕಿಕೊಂಡೆ. ಕೇಳದೆ ಒಂದು ಚಮಚವನ್ನೂ ಯಾರ ಬಾಗಿಲಿಗೂ ಒಯ್ಯಬಾರದು. ಇದಕ್ಕೆ ಕಾರಣವಿದೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ದೇಶದ ಮೂಲೆಮೂಲೆಯಿಂದ ತಮಿಳುನಾಡಿನ ಕರಾವಳಿಗೆ ಲಾರಿಗಟ್ಟಲೆ ಹಳೆಯ ಬಟ್ಟೆ ಹೋಯಿತು. ಮೀನುಗಾರರಿಗೆ ಉಪಯೋಗಕ್ಕೆ ಬಾರದ ಬಟ್ಟೆ ರಸ್ತೆ ಬದಿಯಲ್ಲಿ ರಾಶಿ ರಾಶಿ ಬಿದ್ದಿತ್ತು. ಕಳಿಸಿದವರದು ಒಳ್ಳೆಯ ಮನಸ್ಸೇ. ಆದರೆ ನಿಮಗೇನು ಬೇಕು ಎಂದು ಯಾರೂ ಕೇಳಿರಲಿಲ್ಲ. ಆ ಬಟ್ಟೆಯನ್ನು ಒಟ್ಟುಮಾಡಿ, ವಿಂಗಡಿಸಿ, ಬಳಕೆಗೆ ತರುವ ಕೆಲಸಕ್ಕೆ ಕೈಹಾಕಿದವರಲ್ಲಿ ದೆಹಲಿಯ ಗೂಂಜ್ ಸಂಸ್ಥೆಯೂ ಒಂದು. ಅಂಶು ಗುಪ್ತ ಅವರು 1999ರಲ್ಲಿ ತಮ್ಮ ಮನೆಯ 67 ಬಟ್ಟೆಗಳಿಂದ ಶುರುಮಾಡಿದ ಸಂಸ್ಥೆ ಅದು. 2015ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಕ್ರಮದಲ್ಲಿ ನನಗೆ ಹಿಡಿಸಿದ್ದು ಒಂದು ಸಂಗತಿ. ಹಳ್ಳಿಯ ಜನ ಸೇರಿ ತಮ್ಮೂರಿನ ಬಾವಿಯನ್ನೋ ರಸ್ತೆಯನ್ನೋ ದುರಸ್ತಿ ಮಾಡುತ್ತಾರೆ, ಆ ದುಡಿಮೆಗೆ ಪ್ರತಿಫಲವಾಗಿ ಬಟ್ಟೆಬರೆ ಪಡೆಯುತ್ತಾರೆ. ಕೈಚಾಚಿ ಪಡೆದದ್ದಲ್ಲ, ದುಡಿದು ಪಡೆದದ್ದು. ಬೆಂಗಳೂರಿನಲ್ಲೂ ಅವರು ಸಾಮಾನು ತೆಗೆದುಕೊಳ್ಳುತ್ತಾರೆ. ಆದರೂ ನನ್ನ ಸಾಮಾನು ಮೊದಲು ನನ್ನ ಊರಿನಲ್ಲೇ ಹಂಚಿಹೋಗಲಿ ಎಂಬ ಆಸೆ ನನಗೆ.

ಊರಿಗಿಂತ ಮೊದಲು ಮನೆ. ನಮ್ಮ ಮನೆಯ ಕೆಲಸಕ್ಕೆ 14 ವರ್ಷದಿಂದ ಬರುತ್ತಿದ್ದ ಹೆಣ್ಣುಮಗಳು ಒಬ್ಬಳಿದ್ದಾಳೆ. ನನ್ನವಳ ಕೊನೆಯ ದಿನಗಳಲ್ಲಿ ತಲೆ ಬಾಚಿದವಳು ಅವಳೇ. ಎಲ್ಲರೂ ಆರಿಸಿಕೊಂಡ ಮೇಲೆ ಉಳಿದದ್ದನ್ನು ಕೆಲಸದವರಿಗೆ ಕೊಡುವ ಪದ್ಧತಿ ಬಹಳ ಮನೆಗಳಲ್ಲಿದೆ, ನನಗೆ ಅದು ಸರಿಕಾಣುವುದಿಲ್ಲ. ಪಟ್ಟಿಯನ್ನು ಮೊದಲು ಅವಳ ಮುಂದೆ ಓದಿದೆವು. ಸೋಫಾ ತಗೊಳ್ಳಮ್ಮಾ ಎಂದರೆ ನಕ್ಕಳು. “ಅಯ್ಯೋ ಸಾರ್, ಅದನ್ನ ಒಳಗಿಟ್ರೆ ನಾವು ಹೊರಗೆ ಮಲಗಬೇಕು.” ಅವಳು ಆರಿಸಿಕೊಂಡದ್ದು ಮಿಕ್ಸಿ, ಮಗಳು ಓದಿದ ಮೇಜು, ದೊಡ್ಡ ಕುಕ್ಕರು. ಕುಕ್ಕರಿನ ಗ್ಯಾಸ್ಕೆಟ್ಟು, ಸೇಫ್ಟಿ ವಾಲ್ವು ಎರಡನ್ನೂ ಹೊಸದು ಹಾಕಿಸಿಕೊಟ್ಟೆ. ಹಳೆಯ ಕುಕ್ಕರು ಕೊಡುವವರು ಈ ಒಂದು ಖರ್ಚನ್ನು ತಪ್ಪಿಸಬಾರದು. ಉಗಿಗೆ ದಾನವೂ ಗೊತ್ತಿಲ್ಲ, ದಾನಿಯೂ ಗೊತ್ತಿಲ್ಲ.

ಇನ್ನು ಆಟದ ಸಾಮಾನು. ಇದು ಪುಟ್ಟಿಯ ಖಾತೆ. ನಮ್ಮ ಮಗಳ ಕಾಲದ್ದು, ಪುಟ್ಟಿ ಪ್ರತಿ ರಜೆಯಲ್ಲಿ ತಂದು ಬಿಟ್ಟುಹೋದದ್ದು, ಎಲ್ಲ ಸೇರಿ ಎರಡು ಗೋಣಿಚೀಲ. ಸುರಿದು ಕೂತೆವು. ಕ್ಯಾಷಿಯರ್ ನೋಟು ಎಣಿಸುವಂತೆ ಎಣಿಸಬೇಕು ಎಂದು ಅವಳಿಗೆ ಹೇಳಿದೆ. ಕೇರಂ ಎಂದರೆ ಬಿಳಿ 9, ಕಪ್ಪು 9, ಕೆಂಪು 1, ಮೇಲೊಂದು ಸ್ಟ್ರೈಕರ್. ಚದುರಂಗ ಎಂದರೆ 32. ಲೂಡೋ ಎಂದರೆ 16 ಕಾಯಿ, ಒಂದು ದಾಳ. ಚದುರಂಗದಲ್ಲಿ ಒಂದು ಕುದುರೆ ಕಾಣೆಯಾಗಿತ್ತು. “ಇರ್ಲಿ ಬಿಡಿ ತಾತ, ಯಾರಿಗೂ ಗೊತ್ತಾಗಲ್ಲ” ಎಂದಳು. “ಆಡೋಕೆ ಕೂತಾಗ ಮೊದಲನೇ ನಿಮಿಷಕ್ಕೇ ಗೊತ್ತಾಗುತ್ತಲ್ಲೇ” ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ಬಳಪದ ಡಬ್ಬಿಯಿಂದ ಒಂದು ಬಾಟಲಿ ಬಿರಟೆ ತಂದು ಚಾಕುವಿನಿಂದ ಕೆತ್ತಿಸಿಕೊಂಡು ಕಪ್ಪು ಬಣ್ಣ ಬಳಿದು ಕುದುರೆ ಮಾಡಿದಳು. ಅದು ನೋಡಲು ಹೆಗ್ಗಣದಂತೆ ಇತ್ತು, ಆದರೆ ಎರಡೂವರೆ ಮನೆ ಸರಿಯಾಗಿ ಹಾರುತ್ತಿತ್ತು.

ಪ್ಲಾಸ್ಟಿಕ್ಕಿನವನ್ನು ಸೋಪಿನ ನೀರಿನಲ್ಲಿ ತೊಳೆದು ಮಹಡಿಯಲ್ಲಿ ಒಣಗಿಸಿದೆವು. ಚನ್ನಪಟ್ಟಣದ ಮರದ ಗೊಂಬೆಗಳನ್ನು ಮಾತ್ರ ನೀರಿನಲ್ಲಿ ನೆನೆಸಲಿಲ್ಲ. ಹಾಲೆ ಮರದ ಮೇಲೆ ಅರಗಿನ ಬಣ್ಣ ಕೊಟ್ಟ ಆ ಗೊಂಬೆಗಳಿಗೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ಮತ್ತೆ ಮಿರಮಿರ ಅನ್ನುತ್ತವೆ. ಬಣ್ಣ ಚಕ್ಕೆ ಏಳುತ್ತಿದ್ದ ತಗಡಿನ ಬಸ್ಸು, ರೈಲುಗಳನ್ನು ಬೇರೆಯಿಟ್ಟೆ. ಹಳೆಯ ಬಣ್ಣಗಳಲ್ಲಿ ಸೀಸ ಇರುವ ಸಾಧ್ಯತೆ ಇದೆ, ಚಿಕ್ಕ ಮಕ್ಕಳು ಕಂಡದ್ದನ್ನೆಲ್ಲ ಬಾಯಿಗಿಡುತ್ತಾರೆ. ನಮ್ಮ ದೇಶದಲ್ಲಿ ಮಾರುವ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿ 1ರಿಂದ. ಅದಕ್ಕೂ ಹಿಂದಿನದನ್ನು ಕೊಡುವಾಗ ಅಜ್ಜ ಅಜ್ಜಿಯರೇ ಕನ್ನಡಕ ಹಾಕಿಕೊಂಡು ನೋಡಬೇಕು. ಹಾಗೆಯೇ ಹಾಡುವ ಗೊಂಬೆಗಳ ಹೊಟ್ಟೆಯಲ್ಲಿ ಗುಂಡಿಯಂಥ ಪುಟ್ಟ ಬ್ಯಾಟರಿ ಇರುತ್ತದೆ. ಮಗು ಅದನ್ನು ನುಂಗಿ ಗಂಟಲಿನಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಒಳಗೆಲ್ಲ ಸುಡಬಲ್ಲದು. ಮುಚ್ಚಳ ಸಡಿಲವಿದ್ದ ಮೂರು ಗೊಂಬೆಗಳ ಬ್ಯಾಟರಿ ತೆಗೆದುಬಿಟ್ಟೆ. ಅವು ಮೂಕವಾದವು, ಆದರೂ ಮುದ್ದಾಗಿಯೇ ಇದ್ದವು.

ಇವನ್ನು ತೆಗೆದುಕೊಂಡು ಹೋದದ್ದು ನಮ್ಮ ಮನೆಯಿಂದ ಮೂರು ಬೀದಿ ಆಚೆಯ ಅಂಗನವಾಡಿಗೆ. ಊರಿನಲ್ಲಿ ಅನಾಥಾಲಯ ಎಲ್ಲಿದೆ ಎಂದು ವಿಚಾರಿಸುವವರಿಗೆ ಪಕ್ಕದ ಅಂಗನವಾಡಿ ಕಣ್ಣಿಗೇ ಬೀಳುವುದಿಲ್ಲ. ಮಕ್ಕಳೇ, ನಿಮಗೆ ಗೊತ್ತಿರಲಿ, ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಅದರಲ್ಲಿ ನಮ್ಮ ಮೈಸೂರು ಜಿಲ್ಲೆಯ ಟಿ. ನರಸೀಪುರವೂ ಒಂದಾಗಿತ್ತು. ಅಲ್ಲಿನ ಟೀಚರಿಗೆ ಹಿಂದಿನ ದಿನವೇ ಕೇಳಿದ್ದೆ. “ಚೆಂಡು ಬೇಕು ಸರ್, ಜೋಡಿಸೋ ಬ್ಲಾಕು ಬೇಕು, ಪಾತ್ರೆಪಗಡಿ ಆಟದ ಸೆಟ್ ಇದ್ರೆ ಖುಷಿ. ಚೂರು ಚೂರು ಇರೋದು ಬೇಡ, ಮೂರು ವರ್ಷದವು ಇದಾವೆ, ಮೂಗಿಗೆ ಹಾಕ್ಕೊಳ್ತವೆ” ಎಂದಿದ್ದರು. ಕೇಳಿದ್ದನ್ನೇ ಒಯ್ದೆವು. ಜೊತೆಗೆ ನನ್ನವಳ ಅಳಗುಳಿ ಮಣೆಯನ್ನೂ ತೋರಿಸಿದೆ. ಹಲಸಿನ ಮರದ್ದು, 14 ಕುಣಿ, ಅವರಮ್ಮನ ಮನೆಯಿಂದ ಬಂದದ್ದು. ಕುಣಿಗಳ ತುಂಬ ಗುಲಗಂಜಿ. ಟೀಚರು ಮಣೆಯನ್ನು ಸವರಿದರು, ಗುಲಗಂಜಿ ನೋಡಿ ಕೈ ಹಿಂದೆ ತೆಗೆದರು. “ಮಣೆ ಕೊಡಿ ಸರ್, ಬೀಜ ಬೇಡ. ಇದು ವಿಷ.” ನಿಜವೇ. ಕೆಂಪು ಮೈ, ಕಪ್ಪು ತಲೆಯ ಆ ಚೆಲುವೆ ಬೀಜವನ್ನು ಅಗಿದು ನುಂಗಿದರೆ ಜೀವಕ್ಕೇ ಅಪಾಯ. ಪುಟ್ಟಿ ಮನೆಗೆ ಓಡಿ ಡಬ್ಬಿಯಲ್ಲಿದ್ದ ಹುಣಸೆ ಬೀಜ ತೊಳೆದು, ಕುಣಿಗೆ ಐದರಂತೆ 70 ಎಣಿಸಿ ತಂದಳು. ಅದನ್ನೂ ಪುಟಾಣಿಗಳ ಕೈಗೆ ಕೊಡುವುದಿಲ್ಲವೆಂದೂ, ಮಧ್ಯಾಹ್ನ ಮಕ್ಕಳನ್ನು ಕರೆದೊಯ್ಯಲು ಬರುವ ಅಕ್ಕಂದಿರು ಆಡಲಿ ಎಂದೂ ಟೀಚರು ಮಣೆಯನ್ನು ಎತ್ತರದ ಗೂಡಿನಲ್ಲಿಟ್ಟರು.

ದೊಡ್ಡ ಮಕ್ಕಳ ಆಟಗಳಿಗೆ ಇನ್ನೊಂದು ಜಾಗ ಬೇಕಿತ್ತು. ಮಕ್ಕಳನ್ನು ಇಟ್ಟು ಸಾಕುವ ಯಾವುದೇ ನಿಲಯವೂ 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ನೋಂದಣಿ ಆಗಿರಬೇಕು. ಯಾವುದು ಆಗಿದೆ, ಯಾವುದು ಇಲ್ಲ ಎಂದು ತಿಳಿಯಲು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಎಂಬ ಕಚೇರಿ ಇದೆ. ಬೋರ್ಡು ನೋಡಿ ನಂಬುವುದಕ್ಕಿಂತ ಅಲ್ಲಿ ಒಂದು ಮಾತು ಕೇಳುವುದು ಒಳ್ಳೆಯದು. ಬ್ಯಾಂಕಿನಲ್ಲಿ ಸಹಿ ತಾಳೆ ನೋಡದೆ ದುಡ್ಡು ಕೊಡುತ್ತಿದ್ದೆವೇ? ಹಾಗೆ ತಿಳಿದ ಒಂದು ಹೆಣ್ಣುಮಕ್ಕಳ ನಿಲಯಕ್ಕೆ ಫೋನು ಮಾಡಿದೆ. ಮೇಲ್ವಿಚಾರಕಿ ಒಂದು ಸಂಜೆ ಬರಹೇಳಿದರು.

ಆಫೀಸು ಕೋಣೆಯಲ್ಲಿ ಕೂರಿಸಿದರು. ಒಳಗೆ ಬಿಡುವುದಿಲ್ಲ, ಬಿಡಲೂಬಾರದು. ನಮ್ಮ ಪಟ್ಟಿ ಓದಿದರು. ಕೇರಂ ಬೋರ್ಡು, ಚದುರಂಗ, ಹಗ್ಗದಾಟದ ಹಗ್ಗ, ಷಟಲ್ ಬ್ಯಾಟುಗಳಿಗೆ ಟಿಕ್ ಹಾಕಿದರು. ಕೇರಂ ಪೌಡರ್ ಇದೆಯಾ ಎಂದರು. ಪುಟ್ಟಿಗೆ ತನ್ನ ನಾಲ್ಕು ಕರಡಿ ಗೊಂಬೆಗಳ ಹೆಸರಿಗೆ ಟಿಕ್ ಬೀಳಲಿಲ್ಲ ಎಂದು ಬೇಸರ.

“ಆಂಟಿ, ಟೆಡ್ಡಿ ಬೇಡ್ವಾ? ಚೆನ್ನಾಗಿದೆ.”

“ಚೆನ್ನಾಗಿರುತ್ತೆ ಪುಟ್ಟಾ. ಆದ್ರೆ ನಮ್ಮತ್ರ ಈಗಾಗ್ಲೇ ಅರವತ್ತರ ಮೇಲಿದೆ. ಬರೋರೆಲ್ಲ ಅದನ್ನೇ ತರ್ತಾರೆ. ಒಗೆದ್ರೆ ಮಳೆಗಾಲದಲ್ಲಿ ಒಣಗಲ್ಲ, ಬೀರು ಮೇಲೆ ಸಾಲಾಗಿ ಕೂತಿವೆ.”

“ಮತ್ತೆ ಅವರಿಗೆ ಏನು ಬೇಕು?”

ಆಕೆ ಕ್ಷಣ ಸುಮ್ಮನಿದ್ದು, “ನಿನ್ನ ಮೇಜಿನ ಡ್ರಾಯರಿಗೆ ಬೀಗ ಇದೆಯಾ?” ಎಂದು ಕೇಳಿದರು. ಪುಟ್ಟಿ ಇದೆ ಎಂದಳು. “ಅದರಲ್ಲಿ ಏನಿಟ್ಟಿದೀಯಾ?” ಪುಟ್ಟಿ ಹೇಳಲಿಲ್ಲ. “ನೋಡಿದ್ಯಾ, ನಂಗೆ ಹೇಳೋದೂ ಇಲ್ಲ ನೀನು. ಇಲ್ಲಿರೋ ಮಕ್ಕಳಿಗೂ ಹಂಗೇ. ಊಟ ಎಲ್ಲರ ಜೊತೆ, ನಿದ್ದೆ ಎಲ್ಲರ ಜೊತೆ, ಬಟ್ಟೆ ಒಂದೇ ರ್‍ಯಾಕಲ್ಲಿ. ಇದು ನಂದು ಅಂತ ಬೀಗ ಹಾಕೋಕೆ ಏನೂ ಇಲ್ಲ. ಟ್ರಂಕು ಸಿಕ್ಕಿದ್ರೆ ಚೆನ್ನಾಗಿರುತ್ತೆ ಸರ್, ಬೀಗದ ಜೊತೆಗೆ.”

ನನ್ನ ಪಟ್ಟಿಯಲ್ಲಿ ಟ್ರಂಕುಗಳು ‘ಗುಜರಿ’ ಎಂದು ಬರೆಯಲಿದ್ದ ಸಾಲಿನಲ್ಲಿದ್ದವು. ಅಟ್ಟದಲ್ಲಿ ನಾಲ್ಕು. ಒಂದು ನಮ್ಮ ತಂದೆಯದು, ಮೂರು ನನ್ನ ವರ್ಗಾವಣೆಗಳ ಕಾಲದ್ದು. ನಾಲ್ಕಿದೆ ಎಂದೆ. ಅವರು ನಕ್ಕರು. “22 ಜನ ಇದ್ದಾರೆ. ನಾಲ್ಕು ಕೊಟ್ರೆ 18 ಜನ ಅಳ್ತಾರೆ.” ಆಮೇಲೆ ತಾವೇ ದಾರಿ ಹುಡುಕಿದರು. ಎಸ್ಸೆಸ್ಸೆಲ್ಸಿ ಓದುವ ವರ್ಷ ಟ್ರಂಕು ಸಿಗುತ್ತದೆ, ಮುಗಿದ ಮೇಲೆ ಮುಂದಿನವರಿಗೆ ಹೋಗುತ್ತದೆ ಎಂದು ನಿಯಮ ಮಾಡಿದರೆ ಯಾರೂ ಅಳುವುದಿಲ್ಲ, ಎಲ್ಲರ ಸರದಿಯೂ ಬರುತ್ತದೆ. ಆ ವರ್ಷ ಹತ್ತನೆಯ ತರಗತಿಗೆ ಹೋಗುವವರು ಐದು ಮಂದಿ.

ಆಟೋದಲ್ಲಿ ವಾಪಸು ಬರುವಾಗ ಪುಟ್ಟಿ ಮೆಲ್ಲಗೆ, “ಅಜ್ಜಿ ಟ್ರಂಕು ಇದೆಯಲ್ಲ ತಾತ” ಎಂದಳು. ಅದು ಪಟ್ಟಿಯಲ್ಲೇ ಇರಲಿಲ್ಲ. ನನ್ನ ಮಂಚದ ಕೆಳಗಿತ್ತು. ಹಸಿರು ಬಣ್ಣ, ಮುಚ್ಚಳದ ಮೇಲೆ ಎರಡು ಗಿಳಿ. ಅದರಲ್ಲಿ ಅವಳ ಧಾರೆ ಸೀರೆ, ಮಗಳ ಮೊದಲ ಕುಲಾವಿ, ನಾನು ಬರೆದ ಹನ್ನೊಂದು ಕಾಗದ. ಅದು ನನ್ನ ಜೊತೆ ಬೆಂಗಳೂರಿಗೆ ಹೋಗುವುದೆಂದು ನಿಶ್ಚಯಿಸಿದ್ದೆ. ನಾನು ಮಾತಾಡಲಿಲ್ಲ, ಅವಳೂ ಮತ್ತೆ ಕೇಳಲಿಲ್ಲ. ರಾತ್ರಿ ಟ್ರಂಕನ್ನು ಎಳೆದು ಮುಚ್ಚಳ ತೆರೆದು ಕೂತಿದ್ದೆ. ಬೆಂಗಳೂರಿನ ಕೋಣೆಯಲ್ಲಿ ಬೀರು ಇದೆ. ಸೀರೆಗೆ ಒಂದು ಅರೆ ಸಾಕು, ಕುಲಾವಿಗೂ ಕಾಗದಕ್ಕೂ ಅದರ ಮೂಲೆಯೇ ಸಾಕು. ಬೆಳಗ್ಗೆ ಪುಟ್ಟಿ ಎದ್ದಾಗ ಟ್ರಂಕು ಖಾಲಿಯಾಗಿ ಜಗುಲಿಯ ಬಿಸಿಲಿನಲ್ಲಿತ್ತು. ಅವಳು ನೋಟ್‌ಬುಕ್ ತಂದು 218 ಎಂದು ಬರೆದಳು.

ತಗಡಿನ ಕೆಲಸದವರಿಂದ ಐದಕ್ಕೂ ಕೀಲು, ಚಿಲಕ ಸರಿಮಾಡಿಸಿದೆವು. ಒಳಗೆ ಸುಣ್ಣದ ಬಣ್ಣದ ಕಾಗದ ಅಂಟಿಸಿದೆವು. ಬೀಗ ಮಾತ್ರ ಹೊಸದು, ಎರಡೆರಡು ಕೀಲಿ. ಒಂದು ಆಫೀಸಿಗೆ, ಒಂದು ಹುಡುಗಿಗೆ. ಗಿಳಿಗಳನ್ನು ಬಣ್ಣ ಹೊಡೆದು ಮುಚ್ಚಬೇಡಿ ಎಂದು ಪುಟ್ಟಿ ಕೆಲಸದವರಿಗೆ ಎರಡು ಸಲ ಹೇಳಿದಳು. ತಲುಪಿಸಿದ ದಿನ ನಾವು ಆ ಐವರನ್ನು ನೋಡಲಿಲ್ಲ. ಫೋಟೋ ತೆಗೆಯಲಿಲ್ಲ. ಅಲ್ಲಿನ ಮಕ್ಕಳ ಗುರುತು ಹೊರಗೆ ಬರುವಂತೆ ಏನನ್ನೂ ಪ್ರಕಟಿಸಬಾರದೆಂದು ಕಾನೂನೇ ಹೇಳುತ್ತದೆ. ಕಾನೂನು ಇರದಿದ್ದರೂ ಅಷ್ಟೇ. ಹುಟ್ಟುಹಬ್ಬದ ದಿನ ಕೇಕ್ ತಂದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೈಯಲ್ಲಿ ಪೊಟ್ಟಣ ಹಿಡಿಸಿ ಫೋಟೋ ಹೊಡೆಸಿಕೊಳ್ಳುವುದು ಈಗ ಬಹಳ ನಡೆದಿದೆ. ನನಗೆ ಬ್ಯಾಂಕಿನ ಕೌಂಟರಿನಲ್ಲಿ ಪಿಂಚಣಿ ತೆಗೆದುಕೊಳ್ಳಲು ಬಂದ ಮುದುಕಿಯ ಫೋಟೋ ತೆಗೆದಂತೆ ಕಾಣುತ್ತದೆ.

ರಸೀದಿಯ ವಿಷಯ ಕೆಲವು ಗೆಳೆಯರು ಕೇಳಿದರು. ಸಾಮಾನಿನ ರೂಪದಲ್ಲಿ ಕೊಟ್ಟದ್ದಕ್ಕೆ ನಾವು 80ಜಿ ಎಂದು ಕರೆಯುತ್ತಿದ್ದ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಹಣ ಕೊಟ್ಟರೆ ಮಾತ್ರ. ಅದೂ 2,000 ರೂಪಾಯಿ ದಾಟಿದರೆ ನಗದಾಗಿ ಕೊಟ್ಟದ್ದು ಲೆಕ್ಕಕ್ಕಿಲ್ಲ. ಆದ್ದರಿಂದ ಹಳೆಯ ಸೋಫಾಕ್ಕೆ ಹತ್ತು ಸಾವಿರದ ರಸೀದಿ ಕೊಡುತ್ತೇವೆ ಎನ್ನುವವರು ಯಾರಾದರೂ ಸಿಕ್ಕರೆ ಸೋಫಾವನ್ನೂ ಕೊಡಬೇಡಿ.

ಉಳಿದವು ಬೇಗ ಹೋದವು. ಪುಸ್ತಕಗಳು, ಈ ಪತ್ರಿಕೆಯ ನಾಲ್ಕು ವರ್ಷದ ಸಂಚಿಕೆಗಳನ್ನು ದಾರದಲ್ಲಿ ಹೊಲಿದ ಕಟ್ಟುಗಳು, ನನ್ನವಳ ತವರೂರಿನ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ. ಅದಕ್ಕೆ ಈಗ ಅರಿವು ಕೇಂದ್ರ ಎಂದು ಹೆಸರು. ಹರಿದ ಬೆಡ್‌ಶೀಟು, ಹಳೆಯ ಟವೆಲುಗಳನ್ನು ಯಾರಿಗೂ ಕೊಡಲಾಗದು ಎಂದುಕೊಂಡಿದ್ದೆವು. ಗಾಯಗೊಂಡ ಬೀದಿನಾಯಿಗಳನ್ನು ನೋಡಿಕೊಳ್ಳುವ ಆಶ್ರಯದವರು ಅದಕ್ಕೇ ಕಾಯುತ್ತಿರುತ್ತಾರೆಂದು ಗೊತ್ತಾದಾಗ ಪುಟ್ಟಿ ನನ್ನ ಚೆನ್ನಾಗಿದ್ದ ಟವೆಲನ್ನೂ ಸೇರಿಸಿಬಿಟ್ಟಳು. ಕರಡಿಗಳಲ್ಲಿ ಎರಡು ಅಲ್ಲಿಗೇ ಹೋದವು, ನಾಯಿಮರಿಗಳು ತಬ್ಬಿಕೊಂಡು ಮಲಗುತ್ತವಂತೆ. ಪ್ಲಾಸ್ಟಿಕ್ ಕಣ್ಣುಗಳನ್ನು ಮಾತ್ರ ಕಿತ್ತು ಕೊಡಬೇಕಾಯಿತು. 2023ರಲ್ಲಿ ನಗರಗಳಲ್ಲಿ ಹಳೆಯ ಬಟ್ಟೆ, ಚಪ್ಪಲಿ, ಪುಸ್ತಕ, ಆಟಿಕೆ ತೆಗೆದುಕೊಳ್ಳುವ ಆರ್‌ಆರ್‌ಆರ್ ಕೇಂದ್ರಗಳನ್ನು ತೆರೆದಿದ್ದರಲ್ಲ, ಅಂಥದ್ದು ನಿಮ್ಮ ವಾರ್ಡಿನಲ್ಲಿ ಈಗಲೂ ನಡೆಯುತ್ತಿದೆಯೇ ಎಂದು ವಾರ್ಡ್ ಕಚೇರಿಯಲ್ಲಿ ವಿಚಾರಿಸಬಹುದು. ಕೆಟ್ಟ ರೇಡಿಯೋ, ಸತ್ತ ಮೊಬೈಲುಗಳು ದಾನದ ಸಾಮಾನಲ್ಲ, ಅವು ಇ-ತ್ಯಾಜ್ಯದವರಿಗೆ. ಅವಧಿ ಮೀರಿದ ಔಷಧಿಯಂತೂ ಯಾರಿಗೂ ಅಲ್ಲ.

ಕೊನೆಗೂ ಉಳಿದದ್ದು ಅಜ್ಜಿ ಕುರ್ಚಿ.

ಅದಕ್ಕೆ ಮೊದಲು ಕೇಳಿದ್ದು ವಿಶೇಷ ಮಕ್ಕಳ ಶಾಲೆಯೊಂದರಲ್ಲಿ. ಅಲ್ಲಿನ ಫಿಸಿಯೋಥೆರಪಿ ಹುಡುಗಿ ಟೇಪು ಹಿಡಿದು ಆಸನದ ಅಗಲ ಅಳೆದಳು, 18 ಇಂಚು. “ಇದು ದೊಡ್ಡವರ ಅಳತೆ ಸರ್. ನಮ್ಮ ಮಕ್ಕಳನ್ನ ಇದರಲ್ಲಿ ಕೂರಿಸಿದ್ರೆ ಒಂದು ಕಡೆ ವಾಲ್ತಾರೆ, ಬೆನ್ನು ಸೊಟ್ಟ ಆಗುತ್ತೆ. ಚಪ್ಪಲಿ ಹೇಗೆ ಅಳತೆಗೆ ಬೇಕೋ ಇದೂ ಹಾಗೇ” ಎಂದು ವಿನಯದಿಂದಲೇ ಬೇಡವೆಂದಳು. ಬೇಡ ಎಂದು ಕಾರಣ ಸಹಿತ ಹೇಳುವವರ ಮೇಲೆ ನನಗೆ ನಂಬಿಕೆ ಜಾಸ್ತಿ. ಅವಳೇ ಇನ್ನೊಂದು ಕಡೆಯ ವಿಳಾಸ ಕೊಟ್ಟಳು.

ಅದು ನನ್ನಂಥ ನಿವೃತ್ತರೇ ಸೇರಿ ಒಂದು ಗ್ಯಾರೇಜಿನಲ್ಲಿ ನಡೆಸುವ ಸಣ್ಣ ಕೆಲಸ. ಗಾಲಿಕುರ್ಚಿ, ವಾಕರು, ಕಮೋಡು ಕುರ್ಚಿ, ಆಸ್ಪತ್ರೆಯ ಮಂಚಗಳನ್ನು ಬೇಕಾದವರಿಗೆ ಎರವಲು ಕೊಡುತ್ತಾರೆ. ಠೇವಣಿ ಇಟ್ಟು ಒಯ್ಯುವುದು, ಸಾಮಾನು ವಾಪಸು ಕೊಟ್ಟಾಗ ಠೇವಣಿ ವಾಪಸು. ಸೊಂಟದ ಮೂಳೆ ಮುರಿದವರಿಗೆ ಮೂರು ತಿಂಗಳು ಸಾಕಾಗುವ ಕುರ್ಚಿಯನ್ನು ಎಲ್ಲರೂ ಯಾಕೆ ಕೊಳ್ಳಬೇಕು, ಕೊಂಡು ಅಟ್ಟಕ್ಕೆ ಯಾಕೆ ಹಾಕಬೇಕು? ಗೋಡೆಗೆ ಒರಗಿಸಿದ ಮೇಜಿನ ಮೇಲೆ ದಪ್ಪನೆಯ ಲೆಡ್ಜರು. ಕೊಟ್ಟ ತಾರೀಖು, ಬಂದ ತಾರೀಖು, ಸಹಿ. ಹಾಳೆ ತಿರುವಿ ನೋಡಿದೆ. ಒಂದು ಕಡೆಯೂ ಚಿತ್ತಿಲ್ಲ. ನನ್ನವಳಿಗೆ ಇದು ಹಿಡಿಸುತ್ತಿತ್ತು ಎಂದು ಹೇಳಲಾರೆ, ಅವಳಿಗೆ ಲೆಡ್ಜರು ಕಂಡರೆ ಆಗುತ್ತಿರಲಿಲ್ಲ. ನನಗೆ ಹಿಡಿಸಿತು.

ಬ್ರೇಕಿನ ರಬ್ಬರು ಬದಲಿಸಿ, ಗಾಲಿಗೆ ಎಣ್ಣೆ ಬಿಟ್ಟು, ಮೆತ್ತೆಯ ಕವರು ಒಗೆದು ತಂದುಕೊಟ್ಟೆವು. ಎಡಗೈ ಹಿಡಿಕೆಯಲ್ಲಿ ಅವಳು ಜಪಸರ ಸಿಕ್ಕಿಸುತ್ತಿದ್ದ ಕಡೆ ಒಂದು ಸಣ್ಣ ಗೀರು ಬಿದ್ದಿದೆ. ಅದನ್ನು ಹಾಗೇ ಬಿಟ್ಟೆ. ಅವರು ಕುರ್ಚಿಗೆ 31 ಎಂದು ನಂಬರು ಬರೆದರು. ಪುಟ್ಟಿ ನೋಟ್‌ಬುಕ್ಕಿನ ಕೊನೆಯ ಖಾಲಿ ಮನೆಯಲ್ಲಿ ‘ಗ್ಯಾರೇಜ್, ನಂ. 31’ ಎಂದು ತುಂಬಿಸಿ ಕೆಳಗೆ ಎರಡು ಗೆರೆ ಎಳೆದಳು. ಲೆಕ್ಕ ಮುಗಿದರೆ ಹಾಗೆ ಎಳೆಯಬೇಕೆಂದು ನಾನೇ ಹೇಳಿಕೊಟ್ಟಿದ್ದೆ.

ಜೂನ್‌ನಲ್ಲಿ ಬೆಂಗಳೂರಿಗೆ ಬಂದೆ. ಡಿಸೆಂಬರ್‌ನಲ್ಲಿ ಮೈಸೂರಿನ ಒಂದು ಮದುವೆಗೆ ಹೋದಾಗ, ಹತ್ತಿರವೇ ಇದೆಯಲ್ಲ ಎಂದು ಆ ಗ್ಯಾರೇಜಿಗೆ ಹೋದೆ. ಪುಟ್ಟಿಗೂ ನೋಡಬೇಕಿತ್ತು. ಮೇಜಿನ ಹಿಂದೆ ಕೂತಿದ್ದ ಹಿರಿಯರು ನನಗಿಂತ ಎರಡು ವರ್ಷ ದೊಡ್ಡವರಿರಬೇಕು. ನಂಬರು ಕೇಳಿ, ಬೆರಳಿಗೆ ಎಂಜಲು ಮುಟ್ಟಿಸಿಕೊಂಡು ಹಾಳೆ ತಿರುವಿದರು.

“ಮೂವತ್ತೊಂದಾ? ಅದು ಇಲ್ಲ ಸ್ವಾಮಿ. ಹೊರಗೆ ಹೋಗಿದೆ. ಇದು ನಾಲ್ಕನೇ ಮನೆ.”